ಐಎನ್‌ಜಿ ಅಂಟಿಸಿದ್ರೆ ಮುಗೀತಾ? ಜೆರಂಡ್ ಹಾಕಿ ವಾಕ್ಯ ತಿರುಗಿಸಿ ಬರೆಯೋದರ ಬಗ್ಗೆ

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡೋದು ಇಂಗ್ಲಿಷ್ ಗ್ರಾಮರ್‌ನಲ್ಲಿ ಬರೋ ಒಂದೇ ಒಂದು ತರದ ಎಕ್ಸರ್‌ಸೈಜ್ ಬಗ್ಗೆ, "ಈ ವಾಕ್ಯಗಳನ್ನ ಜೆರಂಡ್ ಬಳಸಿ ಬೇರೆ ತರ ಬರೆಯಿರಿ" ಅಂತ ಕೇಳ್ತಾರಲ್ಲ, ಅದು. ತುಂಬಾ ಜನ ಏನ್ಮಾಡ್ತಾರೆ ಅಂದ್ರೆ ಕ್ರಿಯಾಪದ ಎಲ್ಲಿದೆ ಅಂತ ಹುಡುಕಿ ಅದಕ್ಕೆ ಐಎನ್‌ಜಿ ಅಂಟಿಸಿ ಮುಂದಿನ ಪ್ರಶ್ನೆಗೆ ಹೋಗಿಬಿಡ್ತಾರೆ, ಸುಲಭದ ವಾಕ್ಯಗಳಲ್ಲಿ ಅದು ಸರಿಯಾಗೂ ಬರುತ್ತೆ, ಅದಕ್ಕೇ ಕಷ್ಟದ ವಾಕ್ಯದಲ್ಲಿ ಅರ್ಥ ಉಲ್ಟಾ ಆಗಿದ್ರೂ ಗೊತ್ತೇ ಆಗಲ್ಲ.

ಜೆರಂಡ್ ಅಂದ್ರೆ ಐಎನ್‌ಜಿ ರೂಪದ ಕ್ರಿಯಾಪದ ನಾಮಪದದ ಜಾಗದಲ್ಲಿ ಕೂತಿರೋದು, ನಮ್ಮ ಓದೋದು, ಈಜೋದು, ಬರೆಯೋದು ಇದ್ದ ಹಾಗೆ. "ಟು ಸ್ವಿಮ್ ಈಸ್ ಗುಡ್ ಫಾರ್ ಹೆಲ್ತ್" ಅನ್ನೋದನ್ನ "ಸ್ವಿಮ್ಮಿಂಗ್ ಈಸ್ ಗುಡ್ ಫಾರ್ ಹೆಲ್ತ್" ಅಂತ ಬರೆದ್ರೆ ಆಯ್ತು. "ಹೀ ಈಸ್ ಸ್ವಿಮ್ಮಿಂಗ್" ಅಂದಾಗ ಅದು ಜೆರಂಡ್ ಅಲ್ಲ, ಅಲ್ಲಿ ಅದು ಕ್ರಿಯಾಪದದ ಕೆಲಸನೇ ಮಾಡ್ತಿದೆ. ಇಷ್ಟು ಎಲ್ಲರಿಗೂ ಗೊತ್ತಿರೋದೇ.

ಈಗ ನಿಜವಾದ ವಿಷಯಕ್ಕೆ ಬರೋಣ. ಪೂರ್ತಿ ವಾಕ್ಯದಲ್ಲಿ ಯಾರು ಮಾಡಿದ್ರು ಅನ್ನೋದು ಇರುತ್ತೆ, ಯಾವಾಗ ಮಾಡಿದ್ರು ಅನ್ನೋದೂ ಇರುತ್ತೆ. ಜೆರಂಡ್ ಮಾಡಿದ ತಕ್ಷಣ ಇವೆರಡೂ ಕಣ್ಮರೆ ಆಗ್ತವೆ, ಬರೀ ಕೆಲಸ ಉಳಿಯುತ್ತೆ. ಆ ಎರಡನ್ನ ಓದೋರು ವಾಕ್ಯದ ಉಳಿದ ಭಾಗದಿಂದ ತಿಳ್ಕೊಳ್ಳೋ ಹಾಗೆ ಬರೀಬೇಕು, ಈ ಎಕ್ಸರ್‌ಸೈಜ್ ಪರೀಕ್ಷೆ ಮಾಡೋದು ಅದನ್ನೇ.

ಒಂದು ವಾಕ್ಯ ತಗೊಳ್ಳಿ. "ಆಸ್ ಸೂನ್ ಆಸ್ ದ ಥೀಫ್ ಸಾ ದ ಪೊಲೀಸ್, ಹೀ ರಾನ್ ಅವೇ." ಇದನ್ನ "ಆನ್ ಸೀಯಿಂಗ್ ದ ಪೊಲೀಸ್, ದ ಥೀಫ್ ರಾನ್ ಅವೇ" ಅಂತ ಬರೆದ್ರೆ ಏನೂ ತೊಂದ್ರೆ ಇಲ್ಲ, ನೋಡಿದ್ದೂ ಕಳ್ಳ, ಓಡಿದ್ದೂ ಕಳ್ಳ. ಅದೇ ಧೈರ್ಯದಲ್ಲಿ "ಆಸ್ ಸೂನ್ ಆಸ್ ದ ಬೆಲ್ ರಾಂಗ್, ದ ಚಿಲ್ಡ್ರನ್ ರಾನ್ ಔಟ್" ಅನ್ನೋದನ್ನ "ಆನ್ ರಿಂಗಿಂಗ್ ದ ಬೆಲ್, ದ ಚಿಲ್ಡ್ರನ್ ರಾನ್ ಔಟ್" ಅಂತ ಬರೆದ್ರೆ ಏನಾಯ್ತು ನೋಡಿ, ಮಕ್ಕಳೇ ಬೆಲ್ ಹೊಡೆದು ಓಡಿಹೋದ್ರು ಅಂತ ಆಯ್ತು! ಗ್ರಾಮರ್ ಪ್ರಕಾರ ವಾಕ್ಯದಲ್ಲಿ ಒಂದು ತಪ್ಪೂ ಇಲ್ಲ, ಆದ್ರೆ ನಡೆದ ಘಟನೆನೇ ಬದಲಾಗಿಹೋಯ್ತು. ನಾವು ಕನ್ನಡದಲ್ಲಿ "ಬೆಲ್ ಹೊಡೆದ ಮೇಲೆ ಮಕ್ಕಳು ಓಡಿದ್ರು" ಅಂತ ಆರಾಮಾಗಿ ಹೇಳ್ತೀವಿ, ಹೊಡೆದಿದ್ದು ಬೇರೆಯವರು ಓಡಿದ್ದು ಬೇರೆಯವರು ಅಂತ ಕೇಳೋರಿಗೆ ಅರ್ಥ ಆಗುತ್ತೆ. ಇಂಗ್ಲಿಷ್‌ನಲ್ಲಿ ಹಾಗಲ್ಲ, ಮುಂದೆ ಬರೋ ಕರ್ತೃವೇ ಜೆರಂಡ್‌ನ ಕರ್ತೃ ಅಂತ ಓದೋರು ಹಿಡ್ಕೊಳ್ತಾರೆ.

ಹಾಗಾದ್ರೆ ಇಬ್ಬರು ಬೇರೆ ಬೇರೆ ಇದ್ದಾಗ ಏನ್ಮಾಡೋದು? ಜೆರಂಡ್‌ಗಿಂತ ಮೊದಲು ಅದು ಯಾರ ಕೆಲಸ ಅಂತ ಹೇಳ್ಬೇಕು. "ಶೀ ಇನ್‌ಸಿಸ್ಟೆಡ್ ದಟ್ ಐ ಸ್ಟೇ" ಅನ್ನೋದು "ಶೀ ಇನ್‌ಸಿಸ್ಟೆಡ್ ಆನ್ ಮೈ ಸ್ಟೇಯಿಂಗ್" ಆಗುತ್ತೆ. ಆ ಪುಟ್ಟ "ಮೈ" ಬಿಟ್ಟುಬಿಟ್ರೆ ಉಳ್ಕೊಳ್ತೀನಿ ಅಂತ ಹಟ ಹಿಡಿದೋಳು ಅವಳೇ ಆಗ್ತಾಳೆ. ಮಾತಾಡುವಾಗ "ಮೈ" ಬದಲು "ಮೀ" ಅನ್ನೋರು ಬೇಕಾದಷ್ಟು ಜನ ಇದ್ದಾರೆ, ಅದು ತಪ್ಪಲ್ಲ, ಬರವಣಿಗೆಯಲ್ಲಿ ಸ್ವಲ್ಪ ಫಾರ್ಮಲ್ ಆಗಿರ್ಬೇಕು ಅಂದ್ರೆ "ಮೈ". ಪಾಠ ಮಾಡೋರಿಗೆ ನನ್ನ ಒಂದು ವಿನಂತಿ, ಉತ್ತರದ ಪಟ್ಟಿಯಲ್ಲಿ ಒಂದೇ ರೂಪ ಕೊಟ್ಟಿದಾರೆ ಅಂತ ಇನ್ನೊಂದನ್ನ ಬರೆದ ಮಗುವಿನ ಮಾರ್ಕ್ಸ್ ಕಟ್ ಮಾಡ್ಬೇಡಿ.

ಇದಕ್ಕಿಂತ ಜಾಸ್ತಿ ಎಡವೋದು ಇನ್ನೊಂದು ಕಡೆ. "ಹೀ ಡಸಂಟ್ ಲೈಕ್ ಇಟ್ ವೆನ್ ಪೀಪಲ್ ಲಾಫ್ ಅಟ್ ಹಿಮ್." ಇಲ್ಲಿ ನಗೋರು ಜನ, ಅನುಭವಿಸೋನು ಅವನು. "ಹೀ ಡಸಂಟ್ ಲೈಕ್ ಲಾಫಿಂಗ್" ಅಂತ ಬರೆದ್ರೆ ಅವನಿಗೆ ನಗೋದೇ ಇಷ್ಟ ಇಲ್ಲ ಅಂತಾಗುತ್ತೆ. "ಹೀ ಡಸಂಟ್ ಲೈಕ್ ಬೀಯಿಂಗ್ ಲಾಫ್ಡ್ ಅಟ್" ಆಗ್ಬೇಕು, ಕೊನೇಲಿರೋ "ಅಟ್" ಒಂಟಿಯಾಗಿ ಕಾಣ್ತಿದೆ ಅಂತ ಕಿತ್ತು ಹಾಕ್ಬಾರ್ದು. ಆದ್ರೆ "ದ ಕಾರ್ ನೀಡ್ಸ್ ಟು ಬಿ ವಾಶ್ಡ್" ಅನ್ನೋದು "ದ ಕಾರ್ ನೀಡ್ಸ್ ವಾಶಿಂಗ್" ಆಗುತ್ತೆ, ಅಲ್ಲಿ "ಬೀಯಿಂಗ್" ಬೇಡ. "ನೀಡ್" ಜೊತೆ ಬರೋ ಬಳಕೆ ಅದು, ಹಾಗೇ ಕಲ್ತುಬಿಡಿ.

ಇನ್ನು ಕಾಲ. "ಹೀ ಅಡ್ಮಿಟೆಡ್ ದಟ್ ಹೀ ಹ್ಯಾಡ್ ಟೇಕನ್ ದ ಮನಿ" ಅನ್ನೋದಕ್ಕೆ "ಹೀ ಅಡ್ಮಿಟೆಡ್ ಟೇಕಿಂಗ್ ದ ಮನಿ" ಸಾಕು, ಯಾಕಂದ್ರೆ ಒಪ್ಕೊಳ್ಳೋದು ಅಂದ್ರೇನೇ ಆಗಿಹೋದದ್ದನ್ನ. ಒತ್ತಿ ಹೇಳ್ಬೇಕು ಅನಿಸಿದ್ರೆ "ಹ್ಯಾವಿಂಗ್ ಟೇಕನ್" ಅನ್ನಿ. "ಹೀ ಪ್ರಾಮಿಸ್ಡ್ ದಟ್ ಹೀ ವುಡ್ ಹೆಲ್ಪ್" ಅನ್ನೋದನ್ನ ಜೆರಂಡ್ ಮಾಡೋಕೇ ಆಗಲ್ಲ, ಅದು "ಪ್ರಾಮಿಸ್ಡ್ ಟು ಹೆಲ್ಪ್". ಡಿಸೈಡ್, ಹೋಪ್, ರೆಫ್ಯೂಸ್ ಇವೂ ಹಾಗೇನೇ, ಮುಂದೆ ಆಗ್ಬೇಕಾದ್ದಕ್ಕೆ "ಟು" ಜಾಸ್ತಿ ಹೊಂದುತ್ತೆ. ಇದು ಬರೀ ಅಂದಾಜು ಅಷ್ಟೇ, "ಸಜೆಸ್ಟ್" ಮುಂದಿನ ಮಾತನ್ನೇ ಹೇಳಿದ್ರೂ "ಸಜೆಸ್ಟೆಡ್ ಗೋಯಿಂಗ್ ಬೈ ಟ್ರೈನ್" ಅಂತ ಜೆರಂಡ್‌ನೇ ಕೇಳುತ್ತೆ.

ಜೆರಂಡ್, "ಟು" ಎರಡೂ ಬರೋ ಕ್ರಿಯಾಪದಗಳಲ್ಲಿ ಹುಷಾರಾಗಿರಿ. "ಹೀ ಸ್ಟಾಪ್ಡ್ ಸ್ಮೋಕಿಂಗ್" ಅಂದ್ರೆ ಸೇದೋದು ಬಿಟ್ಟ, "ಹೀ ಸ್ಟಾಪ್ಡ್ ಟು ಸ್ಮೋಕ್" ಅಂದ್ರೆ ಸೇದೋಕೆ ಅಂತ ನಿಂತ. ಬಿಡೋದು ನಿಲ್ಲೋದು ಕನ್ನಡದಲ್ಲಿ ಬೇರೆ ಬೇರೆ ಆಗಿರೋದ್ರಿಂದ ನಾವು ಈ ವ್ಯತ್ಯಾಸನ ಬೇಗ ಹಿಡಿಬಹುದು, ಸಂಶಯ ಬಂದಾಗ ಒಂದ್ಸಲ ಕನ್ನಡದಲ್ಲಿ ಹೇಳಿ ನೋಡಿ.

"ಟು" ಬಂದ ಕಡೆಯೆಲ್ಲ ಐಎನ್‌ಜಿ ಬರಲ್ಲ ಅನ್ನೋ ನಂಬಿಕೆ ಒಂದಿದೆ, ಅದನ್ನ ದಯವಿಟ್ಟು ಬಿಡಿ. "ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು" ಅಂತ ಈಮೇಲ್‌ಗಳಲ್ಲಿ ಎಷ್ಟು ಸಲ ನೋಡ್ತೀವಿ! ಪರೀಕ್ಷೆ ಸುಲಭ, "ಟು" ಮುಂದೆ ಒಂದು ನಾಮಪದ ಇಟ್ಟು ನೋಡಿ. "ಲುಕಿಂಗ್ ಫಾರ್ವರ್ಡ್ ಟು ದ ಹಾಲಿಡೇಸ್" ಸರಿ ಕೂರುತ್ತಲ್ವಾ, ಹಾಗಾದ್ರೆ ಆ "ಟು" ಪ್ರಿಪೋಸಿಷನ್, ಮುಂದೆ "ಮೀಟಿಂಗ್" ಬರ್ಬೇಕು. "ವಾಂಟ್ ಟು ದ ಹಾಲಿಡೇಸ್" ಕೂರಲ್ಲ, ಅಲ್ಲಿ "ಮೀಟ್" ಸರಿ.

ಈಗ ಪೆನ್ನು ತಗೊಳ್ಳಿ. "ಶೀ ಲೆಫ್ಟ್ ದ ಹಾಲ್ ಅಂಡ್ ನೋಬಡಿ ಸಾ ಹರ್." ಇದನ್ನ "ವಿತೌಟ್" ಹಾಕಿ ಬರೆಯಿರಿ. "ವಿತೌಟ್ ಸೀಯಿಂಗ್" ಅಂತ ಬರೆದೋರು ನೋಡದೇ ಇದ್ದಿದ್ದು ಯಾರು ಅಂತ ಇನ್ನೊಂದ್ಸಲ ಕೇಳ್ಕೊಳ್ಳಿ. "ವಿತೌಟ್ ಬೀಯಿಂಗ್ ಸೀನ್" ಬರೆದೋರದ್ದು ಸರಿ, "ವಿತೌಟ್ ಎನಿಬಡಿ ಸೀಯಿಂಗ್ ಹರ್" ಬರೆದೋರದ್ದೂ ಸರಿ.