ಭಾನುವಾರ ಮನೆಗೆ ರಜೆ

ಎಲ್ಲರಿಗೂ ನಮಸ್ಕಾರ. ಇವತ್ತು ಹೋಮ್ ಟೂರ್ ಅಲ್ಲ. ಹೊಸ ಸೋಫಾ, ಕರ್ಟನ್ ಏನೂ ತೋರಿಸುವುದಿಲ್ಲ. ಟೆರೇಸಿಗೆ ಹೋಗೋಣ, ಸಂಪ್ ಮುಚ್ಚಳ ತೆಗೆದು ನೋಡೋಣ, ಆಮೇಲೆ ಇಎಂಐ ಬಗ್ಗೆ ಮಾತಾಡೋಣ. ಬೆಂಗಳೂರಿನಲ್ಲಿ ಒಂದು ಥರ್ಟಿ ಫಾರ್ಟಿ ಸೈಟು, ಅದರಲ್ಲಿ ಸ್ವಂತ ಮನೆ ಅಂದರೆ ಎಲ್ಲರೂ ಗೃಹಪ್ರವೇಶದ ಫೋಟೊ ನೋಡಿ ಖುಷಿ ಪಡುತ್ತಾರೆ. ಬಾಡಿಗೆ ಮನೆಯಲ್ಲಿ ನಲ್ಲಿ ಸೋರಿದರೆ ಓನರ್‌ಗೆ ಒಂದು ಫೋನ್ ಮಾಡಿ ನೆಮ್ಮದಿಯಾಗಿ ಮಲಗುತ್ತಿದ್ದೆವು. ಈಗ ಆ ಫೋನ್ ಎತ್ತಬೇಕಾದವರು ನಾವೇ, ಅಲ್ವಾ?

ಸ್ವಂತ ಮನೆಯ ಕೆಲಸ ಮುಗಿಯುವಂಥದ್ದಲ್ಲ. ಎಲ್ಲ ಮುಗಿಸಿ ಆಮೇಲೆ ಸುಧಾರಿಸಿಕೊಳ್ಳೋಣ ಅಂತ ಕೂತರೆ ಆ ‘ಆಮೇಲೆ’ ಬರುವುದೇ ಇಲ್ಲ. ಅದಕ್ಕೇ ನಾವು ಮನೆಯಲ್ಲಿ ಕೂತು ಕೆಲಸಗಳನ್ನು ಎರಡು ಪಾಲು ಮಾಡಿದೆವು. ಬಿಟ್ಟರೆ ಕೆಡುವುದು ಒಂದು, ಬಿಟ್ಟರೂ ಏನೂ ಆಗದ್ದು ಇನ್ನೊಂದು.

ಕೆಡುವುದರಲ್ಲಿ ಮೊದಲನೆಯದು ನೀರು. ಈಗ ನೋಡುತ್ತಿದ್ದೀರಲ್ಲ, ಇದು ಟೆರೇಸ್ ಮೂಲೆಯಲ್ಲಿ ಮಳೆನೀರು ಇಳಿಯುವ ಪೈಪಿನ ಬಾಯಿ. ಪಕ್ಕದ ಹೊಂಗೆ ಮರದ ಎಲೆ ಇಲ್ಲಿ ಬಂದು ಸಿಕ್ಕಿಕೊಳ್ಳುತ್ತದೆ. ಸುಮ್ನೆ ಬಿಟ್ಟರೆ ನೀರು ನಿಲ್ಲುತ್ತದೆ, ನಿಂತ ನೀರು ಸಣ್ಣ ಬಿರುಕು ಹುಡುಕಿಕೊಂಡು ಮೋಲ್ಡ್, ಅಂದರೆ ಕಾಂಕ್ರೀಟ್ ಛಾವಣಿಯ ಒಳಗೆ ಇಳಿಯುತ್ತದೆ, ಒಳಗಿನ ಕಂಬಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನೇ ಒಡೆದು ಕೆಳಗಿನ ಪ್ಲಾಸ್ಟರ್ ಉದುರಿಸುತ್ತದೆ. ಕೈಯಲ್ಲಿ ಎಲೆ ತೆಗೆಯುವ ಕೆಲಸ ಹೋಗಿ ಲಕ್ಷದ ಮಾತಾಗುತ್ತದೆ. ಬೆಂಗಳೂರಿಗೆ ಅತಿ ಹೆಚ್ಚು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆದರೆ ವಾಟರ್‌ಪ್ರೂಫಿಂಗ್ ಮಾಡಿಸುವುದಿದ್ದರೆ ಫೆಬ್ರವರಿ, ಮಾರ್ಚ್‌ನಲ್ಲೇ ಮುಗಿಸಿ. ಮೋಲ್ಡ್ ಚೆನ್ನಾಗಿ ಒಣಗಿರಬೇಕು.

ಸಂಪು, ಟ್ಯಾಂಕು ಕೂಡ ಇದೇ ಪಾಲಿಗೆ. ಮುಚ್ಚಳ ಸರಿಯಾಗಿ ಕೂರದಿದ್ದರೆ ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು, ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರ, ಹತ್ತು ದಿನ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಹಾಕುವ ನಿಯಮ ತಂದಿತು. ಇನ್ನು ಕರೆಂಟು. ಮೀಟರ್ ಪಕ್ಕದ ಡಬ್ಬಿಯಲ್ಲಿ ‘ಟಿ’ ಅಂತ ಬರೆದ ಸಣ್ಣ ಬಟನ್ ಇರುತ್ತದೆ, ಆರ್‌ಸಿಸಿಬಿಯದ್ದು, ಅಂದರೆ ಕರೆಂಟ್ ಸೋರಿದರೆ ತಾನಾಗೇ ಲೈನ್ ಕಡಿಯುವ ಸ್ವಿಚ್ಚಿನದ್ದು. ಆಗಾಗ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ಅವತ್ತೇ ಎಲೆಕ್ಟ್ರಿಷಿಯನ್ ಕರೆಸಿ.

ಉಳಿದದ್ದೆಲ್ಲ ಕಾಯಬಹುದು. ಗೇಟಿನ ಪೇಂಟು, ಅಡುಗೆಮನೆಯಲ್ಲಿ ಒಂದು ಟೈಲ್ಸ್ ಬಿರುಕು, ಕಾಂಪೌಂಡ್ ಗೋಡೆಯ ಪಾಚಿ ಕಲೆ. ನೆಂಟರು ಬಂದಾಗ ಕಣ್ಣಿಗೆ ಬೀಳುತ್ತದೆ, ನಿಜ. ಬೀಳಲಿ.

ಶನಿವಾರ ಬೆಳಿಗ್ಗೆ ಮನೆಗೆ ಕೊಟ್ಟಿದ್ದೇವೆ. ಪ್ಲಂಬರ್, ಕಾರ್ಪೆಂಟರ್ ಯಾರೇ ಬರಲಿ, ಅವತ್ತೇ. ‘ಬಂದೇಬಿಟ್ಟೆ ಮೇಡಂ’ ಅಂದವರಿಗಾಗಿ ಆಫೀಸಿಗೆ ರಜೆ ಹಾಕಿ ಕಾಯುವುದು ನೀರು, ಕರೆಂಟಿನ ತೊಂದರೆ ಇದ್ದಾಗ ಮಾತ್ರ. ಭಾನುವಾರ ಮನೆಗೆ ರಜೆ. ಅವತ್ತು ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ, ‘ಆ ಕಿಟಕಿ ಮೆಶ್ ನೋಡಬೇಕಲ್ಲ’ ಅನ್ನುವ ಮಾತೂ ಎತ್ತುವಂತಿಲ್ಲ. ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋಗಿ ನಡೆದು, ಹೊರಗೇ ತಿಂಡಿ ತಿಂದು, ಬಂದು ಮಲಗಿಬಿಡುತ್ತೇವೆ. ಕಿಟಕಿ ಮೆಶ್ಶು ಇನ್ನೊಂದು ವಾರ ಹಾಗೇ ಇದ್ದರೆ ಏನಾಗುತ್ತದೆ ಹೇಳಿ?

ಈಗ ನಿದ್ದೆ ಕೆಡಿಸುವ ವಿಷಯ. ಸಾಲ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ಆರ್‌ಬಿಐ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇಕಡಾ 4ರಿಂದ 6.5ಕ್ಕೆ ಏರಿಸಿತು. ಅದರ ಜೊತೆಗೇ ಬದಲಾಗುವ ಬಡ್ಡಿಯ ಮನೆ ಸಾಲಗಳೂ ದುಬಾರಿಯಾದವು. ಒಂದು ಲೆಕ್ಕ ನೋಡಿ. 50 ಲಕ್ಷ ಸಾಲ, 20 ವರ್ಷ, ಬಡ್ಡಿ ಶೇ 6.7. ಇಎಂಐ ಸುಮಾರು 37,900 ರೂಪಾಯಿ. ಸಾಲ ತೆಗೆದುಕೊಂಡ ಹೊಸದರಲ್ಲೇ ಅದೇ ಬಡ್ಡಿ 9.2 ಆದರೆ, ತಿಂಗಳ ಬಡ್ಡಿಯೇ 38,300ರ ಹತ್ತಿರ ಬರುತ್ತದೆ. ಅಂದರೆ ಹಳೆಯ ಇಎಂಐ ಕಟ್ಟುತ್ತಲೇ ಇದ್ದರೂ ಅಸಲು ಒಂದು ರೂಪಾಯಿ ಇಳಿಯುವುದಿಲ್ಲ! ಆಗ ಎಷ್ಟೋ ಜನರಿಗೆ ಇಎಂಐ ಅಷ್ಟೇ ಇದೆ ಅನ್ನುವ ಸಮಾಧಾನ ಇತ್ತು, ಒಳಗೆ ಸಾಲದ ಅವಧಿ ಬೆಳೆಯುತ್ತಿತ್ತು. 2023ರ ಆಗಸ್ಟ್‌ನಲ್ಲಿ ಆರ್‌ಬಿಐ ಒಂದು ಸೂಚನೆ ಕೊಟ್ಟಿತು. ಬಡ್ಡಿ ಬದಲಾದಾಗ ಇಎಂಐ ಜಾಸ್ತಿ ಮಾಡಬೇಕಾ, ಅವಧಿ ಜಾಸ್ತಿ ಮಾಡಬೇಕಾ ಅಂತ ಬ್ಯಾಂಕ್ ಸಾಲಗಾರರಿಗೆ ಆಯ್ಕೆ ಕೊಡಬೇಕು. ಹಾಗಾಗಿ ಬ್ಯಾಂಕಿನಿಂದ ಸಾಲದ ಸ್ಟೇಟ್‌ಮೆಂಟ್ ತರಿಸಿ, ಇನ್ನು ಎಷ್ಟು ಕಂತು ಬಾಕಿ ಇದೆ ನೋಡಿ. ದಯವಿಟ್ಟು ನೋಡಿ. ರಾತ್ರಿ ಮಲಗಿಕೊಂಡು ಮನಸ್ಸಲ್ಲೇ ಕೂಡಿ ಕಳೆಯುವುದಕ್ಕಿಂತ ಹಗಲಲ್ಲಿ ಒಮ್ಮೆ ಕಾಗದದ ಮೇಲೆ ನೋಡುವುದು ಎಷ್ಟೋ ವಾಸಿ.

ನಮ್ಮ ಫ್ರಿಜ್ ಮೇಲೆ ಒಂದು ಪಟ್ಟಿ ಇದೆ, ಕ್ಯಾಮೆರಾ ಹತ್ತಿರ ತರುತ್ತೇನೆ ಇರಿ. ಏಪ್ರಿಲ್, ಆಸ್ತಿ ತೆರಿಗೆ. ಆ ತಿಂಗಳೊಳಗೆ ಪೂರ್ತಿ ಕಟ್ಟಿದವರಿಗೆ ಇಷ್ಟು ವರ್ಷ ಶೇ 5 ರಿಯಾಯಿತಿ ಸಿಕ್ಕಿದೆ. ಮೇ, ಪೈಪ್ ಕ್ಲೀನಿಂಗ್. ಅದರ ಕೆಳಗೆ, ಅದೇ ಪೆನ್ನಲ್ಲಿ: ಅಮ್ಮನ ಕಣ್ಣು ಪರೀಕ್ಷೆ, ನಮ್ಮಿಬ್ಬರ ಶುಗರ್, ಬಿಪಿ. ಮನೆಗೆ ಅಂತ ತಿಂಗಳು ತಿಂಗಳು ಎತ್ತಿಡುವ ದುಡ್ಡಲ್ಲೇ ಇದಕ್ಕೂ ತೆಗೆಯುತ್ತೇವೆ. ಮೋಟರ್ ಸದ್ದು ಬದಲಾದರೆ ಅರ್ಧ ಗಂಟೆಯಲ್ಲಿ ಮೆಕ್ಯಾನಿಕ್‌ಗೆ ಫೋನ್ ಹೋಗುತ್ತದೆ, ಆರು ತಿಂಗಳಿಂದ ಇರುವ ಮಂಡಿ ನೋವಿಗೆ ಡಾಕ್ಟರ್ ಹತ್ತಿರ ಹೋಗದವರು ನಮ್ಮ ಬೀದಿಯಲ್ಲೇ ಎಷ್ಟು ಜನ ಇದ್ದಾರೆ. ಮನೆ ಇರುವುದು ಅದರಲ್ಲಿರುವವರಿಗಾಗಿ ತಾನೇ? ನನಗೆ ಇದು ನಿಜಕ್ಕೂ ಬೇಜಾರಾಗುವ ವಿಷಯ.

ಕೊನೆಗೆ, ತುಂಬಾ ಜನ ಕೇಳುವ ಪ್ರಶ್ನೆ. ‘ಮೇಲೊಂದು ಮನೆ ಎಬ್ಬಿಸಿ ಬಾಡಿಗೆಗೆ ಕೊಡಬಹುದಲ್ಲ?’ ನಮ್ಮ ಮಾವನವರೂ ಸಿಕ್ಕಾಗಲೆಲ್ಲ ಇದನ್ನೇ ಹೇಳುತ್ತಾರೆ, ನಮ್ಮ ಒಳ್ಳೆಯದಕ್ಕೇ ಹೇಳುತ್ತಾರೆ. ಬಾಡಿಗೆ ಬರುತ್ತದೆ, ಒಪ್ಪುತ್ತೇನೆ. ಜೊತೆಗೆ ಇನ್ನೊಂದು ಸಾಲ, ಇನ್ನೊಂದು ಬಾತ್‌ರೂಮಿನ ಲೀಕೇಜು, ಅದೇ ಸಂಪಿನ ನೀರಿಗೆ ಇನ್ನೊಂದು ಸಂಸಾರ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಜನ ಟ್ಯಾಂಕರ್‌ಗೆ ಕಾಯುತ್ತಿದ್ದುದನ್ನು ನೋಡಿದವರಿಗೆ ಇದು ಸಣ್ಣ ಮಾತಲ್ಲ. ಈಗಿನ ಸಾಲ ಅರ್ಧಕ್ಕೆ ಇಳಿಯುವ ತನಕ ಕಟ್ಟುವುದಿಲ್ಲ ಅಂತ ಹೋದ ಹಬ್ಬದಲ್ಲಿ ಅವರ ಎದುರಿಗೇ ಹೇಳಿದೆವು. ಅವರಿಗೆ ಸ್ವಲ್ಪ ಬೇಸರ ಆಯಿತು. ನಮ್ಮ ತೀರ್ಮಾನ ಮಾತ್ರ ಬದಲಾಗಿಲ್ಲ.