ಕಣ್ಮುಚ್ಚಿದ ಲೋರ್ಕಾ, ಕುಂಚ ಹಿಡಿದ ಡಾಲಿ

ಕೇಳುಗರಿಗೆ ನಮಸ್ಕಾರ.

ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿ ಎಂದೊಡನೆ ನಮಗೆ ನೆನಪಾಗುವುದು ಹುರಿಗೊಳಿಸಿ ಮೇಲಕ್ಕೆತ್ತಿದ ಮೀಸೆ ಮತ್ತು ಕರಗಿ ಜೋತುಬಿದ್ದ ಗಡಿಯಾರಗಳು. ದಯವಿಟ್ಟು ಹತ್ತು ನಿಮಿಷಗಳ ಮಟ್ಟಿಗೆ ಅವೆರಡನ್ನೂ ಪಕ್ಕಕ್ಕಿಡಿ. ನಾನು ಹೇಳಹೊರಟಿರುವ ಡಾಲಿಗೆ ಆ ಮೀಸೆಯೂ ಬಂದಿಲ್ಲ, ಆ ಹೆಸರೂ ಬಂದಿಲ್ಲ. ಇವನು 1922ರಲ್ಲಿ, ತನ್ನ 18ನೆಯ ವಯಸ್ಸಿನಲ್ಲಿ, ಚಿತ್ರಕಲೆ ಕಲಿಯಲೆಂದು ಕೆಟಲೋನಿಯಾದ ಫಿಗೆರಸ್ ಎಂಬ ಊರಿನಿಂದ ಮ್ಯಾಡ್ರಿಡ್‌ಗೆ ಬಂದು ರೆಸಿಡೆನ್ಸಿಯಾ ಎಂಬ ವಿದ್ಯಾರ್ಥಿನಿಲಯವನ್ನು ಸೇರಿದ, ಉದ್ದ ಕೂದಲಿನ, ಮಾತಾಡಲು ನಾಚುವ ಹುಡುಗ. ಅದೇ ನಿಲಯದಲ್ಲಿ ಗ್ರನಾಡಾ ಕಡೆಯ ಕವಿ ಫೆಡೆರಿಕೊ ಗಾರ್ಸಿಯಾ ಲೋರ್ಕಾ ಇದ್ದ; ಮುಂದೆ ಸಿನಿಮಾ ನಿರ್ದೇಶಕನಾಗಲಿದ್ದ ಲೂಯಿ ಬುನ್ಯುಯೆಲ್ ಕೂಡ ಇದ್ದ. ಈ ಮೂವರ ಒಡನಾಟವನ್ನು ಕುರಿತು ಪಾಲ್ ಮಾರಿಸನ್ ಅವರು ನಿರ್ದೇಶಿಸಿದ 'ಲಿಟಲ್ ಆಶಸ್' ಎಂಬ ಸಿನಿಮಾ 2008ರಲ್ಲಿ ಬಂದಿತು. ಅದರಲ್ಲಿ ಡಾಲಿಯಾಗಿ ನಟಿಸಿರುವವರು ರಾಬರ್ಟ್ ಪ್ಯಾಟಿನ್‌ಸನ್, ಲೋರ್ಕಾ ಆಗಿರುವವರು ಹಾವಿಯೆರ್ ಬೆಲ್ಟ್ರಾನ್.

ಸಿನಿಮಾವನ್ನು ನೋಡಿದವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಡಾಲಿಗೂ ಲೋರ್ಕಾನಿಗೂ ನಡುವೆ ಇದ್ದದ್ದು ಬರಿಯ ಗೆಳೆತನವೋ, ಪ್ರೇಮವೋ? ಲೋರ್ಕಾ ತನ್ನನ್ನು ಬಯಸಿದ್ದನೆಂದೂ ತಾನು ಒಪ್ಪಲಿಲ್ಲವೆಂದೂ ವಯಸ್ಸಾದ ಮೇಲೆ ಡಾಲಿಯೇ ಹೇಳಿಕೊಂಡಿದ್ದಾನೆ. ಆದರೆ ತನ್ನ ಬಗ್ಗೆ ತಾನೇ ಕಥೆ ಕಟ್ಟುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಸಿನಿಮಾ ಈ ಪ್ರಶ್ನೆಯ ಬೆನ್ನು ಹತ್ತಿ, ಬೆಳದಿಂಗಳ ಕಡಲಿನಲ್ಲಿ ಇಬ್ಬರನ್ನೂ ಈಜಾಡಿಸುತ್ತದೆ. ನೋಡಲು ಸೊಗಸಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ನಾನು ಹೇಳುವುದಿಷ್ಟೆ: ಆ ಸ್ನೇಹವನ್ನು ನಟರ ಮುಖದಲ್ಲಿ ಹುಡುಕಬೇಡಿ, ಕ್ಯಾನ್ವಾಸಿನ ಮೇಲೆ ಹುಡುಕಿ. ಅಲ್ಲಿ ಅದು ಬಣ್ಣದಲ್ಲಿಯೇ ಇದೆ.

ಒಂದು ಪ್ರಸಂಗವನ್ನು ಹೇಳುತ್ತೇನೆ. ಲೋರ್ಕಾನಿಗೆ ಸಾವಿನ ಭಯ ವಿಪರೀತವಾಗಿತ್ತು. ರೆಸಿಡೆನ್ಸಿಯಾದಲ್ಲಿದ್ದಾಗ ಕೆಲವು ರಾತ್ರಿ ಅವನು ಗೆಳೆಯರನ್ನು ಕೋಣೆಗೆ ಕರೆದು, ಹಾಸಿಗೆಯ ಮೇಲೆ ಅಂಗಾತ ಮಲಗಿ, ತಾನು ಸತ್ತಂತೆ ಅಭಿನಯಿಸುತ್ತಿದ್ದನಂತೆ. ಬರಿದೇ ಕಣ್ಣು ಮುಚ್ಚಿ ಮಲಗುವುದಲ್ಲ. ಸತ್ತು ಒಂದೊಂದು ದಿನ ಕಳೆದಂತೆ ದೇಹ ಹೇಗೆ ಕೊಳೆಯುತ್ತದೆ, ಶವಪೆಟ್ಟಿಗೆಯನ್ನು ಹೇಗೆ ಮುಚ್ಚುತ್ತಾರೆ, ಗ್ರನಾಡಾದ ಏರುತಗ್ಗಿನ ಕಲ್ಲುಹಾಸಿನ ಬೀದಿಗಳಲ್ಲಿ ಅದು ಹೇಗೆ ಕುಲುಕುತ್ತಾ ಸಾಗುತ್ತದೆ ಎಂಬುದನ್ನೆಲ್ಲ ವಿವರವಾಗಿ ಆಡಿ ತೋರಿಸುತ್ತಿದ್ದ. ಸುತ್ತ ನಿಂತವರ ಎದೆ ಡವಗುಟ್ಟತೊಡಗಿತೆಂದು ತಿಳಿದ ಕ್ಷಣದಲ್ಲೇ ಚಂಗನೆ ಎದ್ದು, ಗಹಗಹಿಸಿ ನಕ್ಕು, ಎಲ್ಲರನ್ನೂ ಬಾಗಿಲಾಚೆ ದಬ್ಬಿ, ತಾನು ನೆಮ್ಮದಿಯಾಗಿ ನಿದ್ದೆ ಹೋಗುತ್ತಿದ್ದ! ಇದನ್ನು ಬರೆದಿಟ್ಟವನು ಡಾಲಿ. ಇದೂ ಅವನು ಕಟ್ಟಿದ ಕಥೆಯೇ ಇರಬಹುದಲ್ಲ ಎಂದು ನೀವು ಕೇಳಬಹುದು. ಆದರೆ ಇದಕ್ಕೆ ಬೇರೊಂದು ಸಾಕ್ಷಿಯಿದೆ. 1925ರ ಈಸ್ಟರ್ ರಜೆಯಲ್ಲಿ ಡಾಲಿ ಈ ಕವಿಯನ್ನು ಕಡಾಕೆಸ್ ಎಂಬ ಕಡಲತಡಿಯ ಹಳ್ಳಿಯಲ್ಲಿದ್ದ ತನ್ನ ಮನೆಗೆ ಕರೆದೊಯ್ದ. ಅಲ್ಲಿಯೂ ಸಾಯುವ ಆಟ ನಡೆಯಿತು. ಹಾಗೆ ಮಲಗಿದ್ದವನನ್ನು ಡಾಲಿಯ ತಂಗಿ ಅನಾ ಮರಿಯಾ ಕ್ಯಾಮೆರಾದಲ್ಲಿ ಸೆರೆಹಿಡಿದಳು. ಅಣ್ಣ ಅದನ್ನು ಎದುರಿಗಿಟ್ಟುಕೊಂಡು, ನಿದ್ದೆಗೆ ಆಹ್ವಾನ ಎಂಬರ್ಥದ ಹೆಸರಿನಲ್ಲಿ ಒಂದು ಚಿತ್ರ ಬರೆದ.

ಅಲ್ಲಿಂದಾಚೆಗೆ ಲೋರ್ಕಾನ ತಲೆ ಡಾಲಿಯ ಚಿತ್ರಗಳನ್ನು ಬಿಟ್ಟು ಕದಲಲಿಲ್ಲ. ಸಿನಿಮಾಕ್ಕೆ ಹೆಸರು ಕೊಟ್ಟ ಚಿತ್ರವನ್ನೇ ನೋಡಿ. ಸ್ಪ್ಯಾನಿಷಿನಲ್ಲಿ ಅದರ ಹೆಸರು 'ಸೆನಿಸಿತಾಸ್', ಎಂದರೆ ಪುಟ್ಟ ಬೂದಿಕಣಗಳು. 1927-28ರಲ್ಲಿ ರಚಿಸಿದ್ದು, ಈಗ ಮ್ಯಾಡ್ರಿಡ್‌ನ ರೈನಾ ಸೋಫಿಯಾ ಸಂಗ್ರಹಾಲಯದಲ್ಲಿದೆ. 64 ಸೆಂಟಿಮೀಟರ್ ಎತ್ತರ, 48 ಸೆಂಟಿಮೀಟರ್ ಅಗಲ. ಬಿಡಿಸಿ ಹಿಡಿದ ದಿನಪತ್ರಿಕೆಗಿಂತ ದೊಡ್ಡದೇನಲ್ಲ. ನೀಲಿಯ ನಡುವೆ ತಲೆಯಿಲ್ಲದ, ಉಬ್ಬಿದ, ಮಾಂಸದ ಬಣ್ಣದ ಒಂದು ಮುಂಡ ತೇಲುತ್ತಿದೆ. ಸುತ್ತಲೂ ಮುಳ್ಳು, ಕಡ್ಡಿ, ಹೆಸರಿಲ್ಲದ ಚೂರುಪಾರುಗಳು ಚೆಲ್ಲಾಡಿವೆ. ಅವುಗಳಲ್ಲೇ ಕಣ್ಣಾಡಿಸುತ್ತಾ ಕೆಳಗೆ ಬನ್ನಿ. ಅಲ್ಲಿ ಕಣ್ಮುಚ್ಚಿದ ಒಂದು ತಲೆ ಒರಗಿದೆ. ಅದು ಲೋರ್ಕಾನದು. ಎಷ್ಟೋ ವಿದ್ಯಾರ್ಥಿಗಳು ಆ ಗುಲಾಬಿ ಮುಂಡವನ್ನು ನೋಡಿ, ವಿಚಿತ್ರವಾಗಿದೆ ಎಂದು ನಕ್ಕು ಪುಟ ತಿರುಗಿಸಿಬಿಡುತ್ತಾರೆ. ಕೆಳಗೆ ನೋಡಿರಯ್ಯಾ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

ಇಂಥದೊಂದು ಚಿತ್ರದ ಹೆಸರನ್ನು ಇಟ್ಟುಕೊಂಡ ಸಿನಿಮಾ ಆ ಚಿತ್ರದ ಮುಂದೆ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು ಎಂಬುದೇ ನನ್ನ ತಕರಾರು. ಕಣ್ಣೀರಿಗೆ ಕೊಟ್ಟ ಸಮಯವನ್ನು ಕುಂಚಕ್ಕೂ ಕೊಡಬಹುದಿತ್ತು.

ಗಡಿಯಾರ ನನ್ನನ್ನು ಅವಸರಪಡಿಸುತ್ತಿದೆ, ಉಳಿದದ್ದನ್ನು ಬೇಗಬೇಗ ಹೇಳಿಬಿಡುತ್ತೇನೆ. ಲೋರ್ಕಾ ಸುಮ್ಮನೆ ಮಾದರಿಯಾಗಿ ಮಲಗಿದವನಲ್ಲ; 1926ರಲ್ಲಿ ಡಾಲಿಯನ್ನು ಕುರಿತು ಒಂದು ದೀರ್ಘ ಪ್ರಗಾಥವನ್ನೇ, ಎಂದರೆ ಅವನನ್ನು ಉದ್ದೇಶಿಸಿ ಹಾಡುವ ಕವಿತೆಯನ್ನೇ, ಪ್ರಕಟಿಸಿದ. ಮರುವರ್ಷ ಬಾರ್ಸಿಲೋನಾದಲ್ಲಿ ಅವನ 'ಮರಿಯಾನಾ ಪಿನೇಡಾ' ನಾಟಕ ರಂಗವೇರಿದಾಗ ರಂಗಸಜ್ಜು ಮಾಡಿದವನು ಡಾಲಿ. ಅದೇ ಊರಿನಲ್ಲಿ ಲೋರ್ಕಾ ಬರೆದ ರೇಖಾಚಿತ್ರಗಳ ಪ್ರದರ್ಶನವೂ ನಡೆಯಿತು. ಹೀಗೆ ಕವಿ ಚಿತ್ರ ಬರೆದ, ಚಿತ್ರಕಾರ ನಾಟಕಕ್ಕೆ ದುಡಿದ. ಇದನ್ನೇ ನಾನು ಮೊದಲಿನಿಂದಲೂ ಹೇಳುತ್ತಿರುವುದು.

ಇನ್ನು ಬುನ್ಯುಯೆಲ್. ಇವನಿಗೆ ಈ ಗೆಳೆತನವನ್ನು ಕಂಡರೆ ಆಗುತ್ತಿರಲಿಲ್ಲ. 1928ರಲ್ಲಿ ಲೋರ್ಕಾನ ಜಿಪ್ಸಿ ಲಾವಣಿಗಳು ಪ್ರಕಟವಾದಾಗ ಡಾಲಿಯೇ ಅವು ಹಳೆಯ ಜಾಡಿನವು ಎಂದು ಕಟುವಾಗಿ ಕಾಗದ ಬರೆದ. ಮರುವರ್ಷ ಅವನೂ ಬುನ್ಯುಯೆಲ್ಲನೂ ಸೇರಿ ಪ್ಯಾರಿಸ್‌ನಲ್ಲಿ ತೆಗೆದ ಕಿರುಚಿತ್ರಕ್ಕೆ 'ಆಂಡಲೂಸಿಯಾದ ನಾಯಿ' ಎಂಬರ್ಥದ ಹೆಸರಿಟ್ಟರು. ಲೋರ್ಕಾ ಹುಟ್ಟಿದ್ದು ಗ್ರನಾಡಾ ಇರುವ ಆಂಡಲೂಸಿಯಾ ಪ್ರಾಂತ್ಯದಲ್ಲಿ. ಆ ನಾಯಿ ತಾನೇ ಎಂದು ಅವನು ನೊಂದುಕೊಂಡ. ಬುನ್ಯುಯೆಲ್ ಮಾತ್ರ ಅದನ್ನು ಕೊನೆಯವರೆಗೂ ಅಲ್ಲಗಳೆದ. ಅದೇ ಬೇಸಿಗೆಯಲ್ಲಿ ಮುಂದೆ ಡಾಲಿಯ ಹೆಂಡತಿಯಾಗಲಿದ್ದ ಗಾಲಾ ಎಂಬಾಕೆ ಕಡಾಕೆಸ್‌ಗೆ ಬಂದು ಡಾಲಿಯ ಬದುಕನ್ನು ಹೊಕ್ಕಳು, ಲೋರ್ಕಾ ನ್ಯೂಯಾರ್ಕ್‌ಗೆ ಹೋಗಿಬಿಟ್ಟಿದ್ದ.

ಇಬ್ಬರೂ ಮತ್ತೆ ಭೇಟಿಯಾದದ್ದು 1935ರ ಸೆಪ್ಟೆಂಬರಿನಲ್ಲಿ, ಬಾರ್ಸಿಲೋನಾದಲ್ಲಿ. ಅಲ್ಲಿ ಲೋರ್ಕಾನ ಗೌರವಾರ್ಥ ಒಂದು ಸಂಗೀತ ಕಛೇರಿ ಏರ್ಪಾಡಾಗಿತ್ತು. ಜನ ಬಂದು ಕುಳಿತು ಕಾದರು. ಗೌರವಕ್ಕೆ ಪಾತ್ರನಾಗಬೇಕಿದ್ದ ಕವಿಯೇ ಬರಲಿಲ್ಲ. ಅವನು ಡಾಲಿಯ ಜೊತೆ ಊರು ಬಿಟ್ಟು ಹೋಗಿದ್ದ. ಮುಂದಿನ ಆಗಸ್ಟಿನಲ್ಲಿ, ಸ್ಪೇನಿನ ಅಂತರ್ಯುದ್ಧ ಶುರುವಾದ ಕೆಲವೇ ವಾರಗಳಲ್ಲಿ, 38 ವರ್ಷದ ಲೋರ್ಕಾನನ್ನು ಗ್ರನಾಡಾದ ಹೊರವಲಯದಲ್ಲಿ ಗುಂಡಿಟ್ಟು ಕೊಂದರು. ಅವನ ದೇಹ ಇಂದಿಗೂ ಸಿಕ್ಕಿಲ್ಲ. ಕಣ್ಮುಚ್ಚಿದ ಆ ತಲೆ ಮಾತ್ರ ಮ್ಯಾಡ್ರಿಡ್‌ನ ಸಂಗ್ರಹಾಲಯದಲ್ಲಿ, ಆ ಪುಟ್ಟ ಹಲಗೆಯ ಮೇಲೆ, ಚಿತ್ರದ ಕೆಳಭಾಗದಲ್ಲಿದೆ.

ನಮಸ್ಕಾರ.