ಬಾಗಿಲ ಮೇಲೆ ಒಂದಿಂಚಿನ ಅಕ್ಷರ: ಟೆಕ್ಸಸ್ ಅಂಗಡಿ, ಸೊಂಟದ ಪಿಸ್ತೂಲು

ಈ ಬಾಗಿಲನ್ನ ಒಂದು ಸಲ ಸರಿಯಾಗಿ ನೋಡಿ. ಗಾಜಿನದು, ತಾನಾಗೇ ಸರಿಯೋ ಥರದ್ದು. ಮೇಲ್ಗಡೆ ಅಂಗಡಿ ತೆರೆಯೋ ಹೊತ್ತು, ಪಕ್ಕದಲ್ಲಿ ಕಾರ್ಡ್ ಕಂಪನಿಗಳ ಸ್ಟಿಕ್ಕರ್, ಅದರ ಕೆಳಗೆ ಬಿಳಿ ಅಕ್ಷರದಲ್ಲಿ ಇಂಗ್ಲಿಷೂ ಸ್ಪ್ಯಾನಿಷೂ ತುಂಬಿರೋ ಉದ್ದನೆಯ ಪ್ಯಾರಾ. ಹಾಲು-ಮೊಸರಿಗೆ ಬಂದವರು ಇದನ್ನ ಓದೋದೇ ಇಲ್ಲ. ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಬಂದವನು ಮಾತ್ರ ನಿಂತು ಓದ್ತಾನೆ. ಓದೋದಷ್ಟೇ ಅಲ್ಲ, ಅಕ್ಷರ ಎಷ್ಟೆತ್ತರ ಇದೆ ಅಂತ ಕಣ್ಣಲ್ಲೇ ಅಳೀತಾನೆ.

ಅಳೆಯೋಕೆ ಕಾರಣ ಇದೆ. ಟೆಕ್ಸಸ್‌ನಲ್ಲಿ "ಬಂದೂಕು ತರಬೇಡಿ" ಅಂತ ಸುಮ್ಮನೆ ಒಂದು ಚೀಟಿ ಅಂಟಿಸಿದರೆ ಎಲ್ಲರಿಗೂ ಒಂದೇ ಥರ ತಟ್ಟಲ್ಲ. ದಂಡ ಸಂಹಿತೆಯ 30.06ನೇ ಸೆಕ್ಷನ್ ಲೈಸೆನ್ಸ್ ಇದ್ದು ಬಟ್ಟೆಯೊಳಗೆ ಪಿಸ್ತೂಲು ಮುಚ್ಚಿಟ್ಟುಕೊಂಡವರಿಗೆ. 30.07 ಲೈಸೆನ್ಸ್ ಇದ್ದು ಹೊರಗೆ ಕಾಣೋ ಹಾಗೆ ಇಟ್ಟುಕೊಂಡವರಿಗೆ. 2021ರ ಸೆಪ್ಟೆಂಬರ್ 1ರಿಂದ ಲೈಸೆನ್ಸೇ ಇಲ್ಲದೆ ಪಿಸ್ತೂಲು ಒಯ್ಯಬಹುದು ಅಂತಾಯ್ತಲ್ಲ, ಆ ಗುಂಪಿಗೋಸ್ಕರ 30.05ಕ್ಕೆ ಇನ್ನೊಂದು ಬೋರ್ಡ್ ಸೇರಿತು. ಮೂರಕ್ಕೂ ಬೇರೆ ಬೇರೆ ವಾಕ್ಯ. ಕಾನೂನೇ ಬರೆದುಕೊಟ್ಟಿರೋ ಒಕ್ಕಣೆ, ಎರಡೂ ಭಾಷೆಯಲ್ಲಿ, ಹಿನ್ನೆಲೆಗೆ ಎದ್ದು ಕಾಣೋ ಬಣ್ಣದಲ್ಲಿ, ಕನಿಷ್ಠ ಒಂದಿಂಚು ಎತ್ತರದ ದಪ್ಪಕ್ಷರದಲ್ಲಿ ಇರಬೇಕು. 30.05 ಮತ್ತು 30.07 ಆದರೆ ಪ್ರತಿ ಬಾಗಿಲಲ್ಲೂ ಬೇಕು.

ಒಂದು ತಮಾಷೆ. ಬಂದೂಕಿನ ಮಂದಿಗೆ 30.06 ಅಂದ ಕೂಡಲೇ ನೆನಪಾಗೋದು 1906ರಲ್ಲಿ ಅಮೆರಿಕದ ಸೇನೆ ತಂದ ರೈಫಲ್ ತೋಟಾ. ಅದರ ಹೆಸರಲ್ಲೂ ಇದೇ ಅಂಕಿ. ಪಿಸ್ತೂಲು ನಿಷೇಧಿಸೋ ಸೆಕ್ಷನ್ನಿಗೂ ಅದೇ ನಂಬರ್ ಬಿದ್ದಿದೆ.

ಒಂದಿಂಚು ಅಂದರೆ ಸಣ್ಣದು ಅನ್ನಿಸುತ್ತೆ. ಆದರೆ ಆ ಉದ್ದದ ವಾಕ್ಯವನ್ನ ಎರಡು ಭಾಷೆಯಲ್ಲಿ ಆ ಅಳತೆಗೆ ಬರೆದರೆ ಒಂದು ಬೋರ್ಡೇ ಹೆಚ್ಚೂಕಡಿಮೆ ಎರಡಡಿ ಅಗಲ, ಎರಡಡಿ ಎತ್ತರ ಆಗುತ್ತೆ. ಮೂರನ್ನೂ ಹಾಕಿದರೆ ಅರ್ಧ ಗಾಜು ಮುಗೀತು. ಮಾವಿನಹಣ್ಣಿನ ಆಫರ್ ಹಾಕೋಕೆ ಜಾಗ ಇರಲ್ಲ. ಅದಕ್ಕೇ ಎಷ್ಟೋ ಅಂಗಡಿಯವರು 30.07 ಒಂದನ್ನೇ ಹಾಕಿ ಕೈ ತೊಳೆದುಕೊಳ್ತಾರೆ. ಕಣ್ಣಿಗೆ ಕಾಣೋ ಬಂದೂಕು ತಾನೇ ಉಳಿದ ಗಿರಾಕಿಗಳನ್ನ ಹೆದರಿಸೋದು, ಕಾಣದೇ ಇರೋದರ ತಂಟೆ ಯಾಕೆ ಅನ್ನೋ ಲೆಕ್ಕ. ಟೆಕ್ಸಸ್‌ನವರೇ ಆದ ಎಚ್‌ಇಬಿ ಸೂಪರ್ ಮಾರ್ಕೆಟ್‌ನವರು 2016ರಲ್ಲಿ ಹಿಡಿದದ್ದು ಇದೇ ದಾರಿ: ತೆರೆದು ತರಬೇಡಿ, ಲೈಸೆನ್ಸ್ ಇದ್ದು ಮುಚ್ಚಿಟ್ಟುಕೊಂಡರೆ ಅಡ್ಡಿಯಿಲ್ಲ.

ಬೋರ್ಡ್ ನೋಡಿದಾಗ ಬಂದೂಕು ಇಟ್ಟುಕೊಂಡವರು ಏನು ಮಾಡ್ತಾರೆ? ಸಿಟ್ಟು ಮಾಡ್ಕೊಳ್ತಾರೆ ಅನ್ನೋದು ಹೊರಗಿನವರ ಊಹೆ. ಸಿಟ್ಟು ಇರುತ್ತೆ, ಆದರೆ ಮೊದಲು ಶುರುವಾಗೋದು ವಕೀಲಿಕೆ. "ಸ್ಪ್ಯಾನಿಷ್ ಇಲ್ಲ, ಲೆಕ್ಕಕ್ಕಿಲ್ಲ." "ಪಾರದರ್ಶಕ ಗಾಜಿನ ಮೇಲೆ ಬಿಳಿ ಅಕ್ಷರ, ಒಳಗಿನ ದೀಪ ಹತ್ತಿದರೆ ಏನೂ ಕಾಣಲ್ಲ, ಇದೆಂಥ ಎದ್ದು ಕಾಣೋ ಬಣ್ಣ?" "ಬಾಗಿಲು ಸರಿದಾಗ ಬೋರ್ಡ್ ಇನ್ನೊಂದು ಗಾಜಿನ ಹಿಂದೆ ಹೋಗುತ್ತೆ." ಪಿಸ್ತೂಲಿನ ಚಿತ್ರದ ಮೇಲೆ ಕೆಂಪು ವೃತ್ತ, ಅಡ್ಡಗೆರೆ ಇರೋ ಸ್ಟಿಕ್ಕರ್ ನೋಡಿರ್ತೀರಿ. ಲೈಸೆನ್ಸ್ ಇರೋರು ಅದನ್ನ ಅಲಂಕಾರ ಅಂತಲೇ ಎಣಿಸ್ತಾರೆ. ಅವರ ಮಟ್ಟಿಗೆ ಅದು ಬಹುತೇಕ ಸರಿ ಕೂಡ.

ಎಡವಟ್ಟಾಗೋದು ಇಲ್ಲಿಂದ ಮುಂದೆ. ಈ ಮಾತನ್ನ ಕೇಳಿಸಿಕೊಂಡ ಲೈಸೆನ್ಸ್ ಇಲ್ಲದವನು ತನಗೂ ಅದೇ ನಿಯಮ ಅಂದುಕೊಳ್ತಾನೆ. ಅವನು ಬರೋದು 30.05ರ ಕೆಳಗೆ. ಅದು ಸಾಮಾನ್ಯ ಅತಿಕ್ರಮ ಪ್ರವೇಶದ ಸೆಕ್ಷನ್. ಅಲ್ಲಿ "ಒಳಬರೋರ ಗಮನಕ್ಕೆ ಬೀಳೋ ಹಾಗೆ ಹಾಕಿದ ಸೂಚನೆ" ಸಾಕು ಅನ್ನೋ ಹಳೆಯ ಮಾತು ಇವತ್ತಿಗೂ ಇದೆ. ಹಾಗಾಗಿ ಅದೇ ಕೆಂಪು ವೃತ್ತದ ಸ್ಟಿಕ್ಕರ್ ಇವನ ತಲೆಗೆ ಸುತ್ತಿಕೊಳ್ಳಬಹುದು. ಲೈಸೆನ್ಸೇ ಬೇಡ ಅಂತಾದ ಮೇಲೂ 40 ಡಾಲರ್ ಕೊಟ್ಟು, ನಾಲ್ಕರಿಂದ ಆರು ಗಂಟೆ ತರಗತಿಯಲ್ಲಿ ಕೂತು, ಗುರಿ ಪರೀಕ್ಷೆ ಪಾಸಾಗಿ ಲೈಸೆನ್ಸ್ ತಗೊಳ್ಳೋರು ಇದ್ದಾರಲ್ಲ, ಅವರು ಕೊಡೋ ಕಾರಣಗಳಲ್ಲಿ ಇದೂ ಒಂದು.

ದಂಡದ ವಿಷಯ. ಬೋರ್ಡ್ ದಾಟಿ ಒಳಗೆ ಹೋದರೆ ಸಿ ದರ್ಜೆಯ ಅಪರಾಧ, ಹೆಚ್ಚೆಂದರೆ 200 ಡಾಲರ್. ಆದರೆ ಅಂಗಡಿಯವರು ಎದುರಿಗೆ ಬಂದು ಬಾಯಿಬಿಟ್ಟು "ಹೊರಗೆ ಹೋಗಿ" ಅಂದ ಮೇಲೂ ನಿಂತರೆ ಅದು ಎ ದರ್ಜೆಗೆ ಏರುತ್ತೆ: ಒಂದು ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ, ಅಥವಾ ಎರಡೂ. ಬಾಯಿಮಾತು ಬಂದ ಮೇಲೆ ಬೋರ್ಡಿನ ಅಕ್ಷರ ಮುಕ್ಕಾಲಿಂಚು ಇತ್ತು ಅನ್ನೋ ವಾದಕ್ಕೆ ಬೆಲೆಯಿಲ್ಲ. ತಕ್ಷಣ ಹೊರಟುಬಿಟ್ಟರೆ ಅದೇ ರಕ್ಷಣೆ ಅಂತ ಲೈಸೆನ್ಸ್‌ದಾರರಿಗೆ 2019ರಲ್ಲಿ ಕಾನೂನಲ್ಲೇ ಬರೆದರು. ಆಮೇಲೆ ಉಳಿದವರಿಗೂ ಅದು ಸಿಕ್ಕಿತು. ಅಂಗಡಿಯಲ್ಲಿ ನಿಂತು ಸಂವಿಧಾನದ ಪಾಠ ಮಾಡೋರಿಗೆ ಈ ಅನುಕೂಲ ಸಿಗಲ್ಲ. ಬಾರ್‌ಗಳ ಬಾಗಿಲಲ್ಲಿ ದೊಡ್ಡ ಕೆಂಪಕ್ಷರದಲ್ಲಿ 51% ಅಂತ ಇದ್ದರೆ ಮಾತೇ ಬೇಡ. ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಕೂತು ಕುಡಿಯೋ ಮದ್ಯದಿಂದ ಬರೋ ಜಾಗ ಅದು. ಅಲ್ಲಿ ಲೈಸೆನ್ಸ್ ಕೂಡ ಕಾಯಲ್ಲ.

ಬೋರ್ಡ್ ಸರಿಯಾಗೇ ಇದೆ ಅಂತಿಟ್ಟುಕೊಳ್ಳಿ. ಆಗ ದಾರಿಗಳು ಒಡೀತವೆ. ಕೆಲವರು ಗಾಡಿ ತಿರುಗಿಸ್ತಾರೆ. "ಬಂದೂಕು ಬೇಡ ಅಂದರೆ ನನ್ನ ದುಡ್ಡೂ ಬೇಡ" ಅಂತ ಅಚ್ಚಾಗಿರೋ ಪುಟ್ಟ ಚೀಟಿಯನ್ನ ಕೌಂಟರಿನಲ್ಲಿ ಕೊಟ್ಟು ಹೋಗೋರೂ ಇದ್ದಾರೆ. ನಮಗೆ ಕಂಡ ಹಾಗೆ ಇದು ಅತ್ಯಂತ ಮರ್ಯಾದಸ್ಥ ದಾರಿ, ಆದರೆ ಆ ಚೀಟಿ ಕೈಗೆ ಸಿಗೋದು ಬಿಲ್ಲು ಹಾಕೋ ಹುಡುಗನಿಗೆ, ಬೋರ್ಡ್ ಹಾಕಿಸಿದ ಮಾಲೀಕನಿಗಲ್ಲ. ಇನ್ನು ಕೆಲವರು "ಮುಚ್ಚಿಟ್ಟದ್ದು ಅಂದರೆ ಮುಚ್ಚಿಟ್ಟದ್ದೇ" ಅಂತ ಒಳಗೆ ಹೋಗ್ತಾರೆ. ಬೋರ್ಡಿಗೆ ಕಾನೂನಿನ ಬಲ ಇಲ್ಲದ ಪೆನ್ಸಿಲ್ವೇನಿಯಾದಂಥ ರಾಜ್ಯದಲ್ಲಿ, ಹೋಗಿ ಅಂದಾಗ ಹೋದರೆ ಮುಗೀತು. ಟೆಕ್ಸಸ್‌ನಲ್ಲಿ ಹಾಗಲ್ಲ, ಮೇಲಿನ ಶೆಲ್ಫಿಗೆ ಕೈ ಚಾಚಿ ಅಂಗಿ ಮೇಲೆದ್ದರೆ ಸಿಕ್ಕಿಬೀಳೋಕೆ ಅಷ್ಟೇ ಸಾಕು. ಮಿನೆಸೋಟದಲ್ಲಿ ಇನ್ನೊಂದು ಥರ: ಹನ್ನೊಂದು-ಹದಿನೇಳು ಇಂಚಿಗೆ ಕಮ್ಮಿಯಿಲ್ಲದ ಬೋರ್ಡ್, ಒಂದೂವರೆ ಇಂಚಿನ ಅಕ್ಷರ. ಅಷ್ಟೆಲ್ಲ ಮಾಡಿಸಿ, ಹೋಗು ಅಂದರೂ ಹೋಗದವನಿಗೆ ಮೊದಲ ಸಲದ ದಂಡ ಹೆಚ್ಚೆಂದರೆ 25 ಡಾಲರ್.

ಮೂರನೆಯವರು ಕಾರಿಗೆ ವಾಪಸ್ ಹೋಗಿ ಬಂದೂಕು ಇಟ್ಟು ಬರೋರು. ಕಾನೂನು ಪಾಲಿಸೋ ಇವರ ಬಗ್ಗೆ ಯಾರೂ ಮಾತಾಡಲ್ಲ, ಆದರೆ ಅಪಾಯ ಜಾಸ್ತಿ ಇರೋದು ಇಲ್ಲೇ. ಇಕ್ಕಟ್ಟಾದ ಸೀಟಿನಲ್ಲಿ ಕೂತು, ಸೀಟ್ ಬೆಲ್ಟ್ ಸರಿಸಿ, ಹೋಲ್ಸ್ಟರಿನಿಂದ (ಬೆಲ್ಟಿಗೆ ಸಿಕ್ಕಿಸೋ ಪಿಸ್ತೂಲಿನ ಒರೆ) ಪಿಸ್ತೂಲು ಎಳೆದು, ವಾಪಸ್ ಬಂದು ತುರುಕುವಾಗ ಅಂಗಿಯ ಅಂಚೋ ದಾರವೋ ಟ್ರಿಗರ್‌ಗೆ ಸಿಕ್ಕಿ ಗುಂಡು ಹಾರುತ್ತೆ, ಹೋಗಿ ತೊಡೆಗೆ ಹೊಡೆಯುತ್ತೆ. ಸರಿಯಾದ ಕ್ರಮ ಏನಂದರೆ ಪಿಸ್ತೂಲನ್ನ ಹೋಲ್ಸ್ಟರಿನಿಂದ ತೆಗೆಯೋದೇ ಬೇಡ. ಹೋಲ್ಸ್ಟರಿನ ಕ್ಲಿಪ್ಪನ್ನೇ ಬೆಲ್ಟಿನಿಂದ ಬಿಡಿಸಿ, ಟ್ರಿಗರ್ ಮುಚ್ಚಿದ ಹಾಗೇ ಇಡೀ ಜೋಡಿಯನ್ನ ಪೆಟ್ಟಿಗೆಗೆ ಹಾಕಿ. ಪ್ರತಿ ಸಲ ತೋಟಾ ಹೊರಗೆ ತೆಗೆದು ಮತ್ತೆ ಹಾಕೋ ಅಭ್ಯಾಸವೂ ಕೆಟ್ಟದ್ದು. ಒಂದೇ ತೋಟಾ ಹತ್ತಾರು ಸಲ ಚೇಂಬರಿಗೆ (ನಳಿಗೆಯ ಹಿಂದೆ ತೋಟಾ ಕೂರೋ ಗೂಡು) ಬಡಿದರೆ ಗುಂಡು ಹಿತ್ತಾಳೆ ಕೋಶದೊಳಗೆ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಕುಸಿಯುತ್ತೆ. ಒಳಗಿನ ಜಾಗ ಕಮ್ಮಿಯಾದರೆ ಹಾರಿಸಿದಾಗ ಒತ್ತಡ ಏರುತ್ತೆ. ತೆಗೆಯಲೇಬೇಕಾಗಿ ಬಂದರೆ ಆ ತೋಟಾವನ್ನ ಹೊಸದರ ಪಕ್ಕ ನಿಲ್ಲಿಸಿ ಉದ್ದ ಹೋಲಿಸಿ, ಗಿಡ್ಡವಾಗಿದ್ದರೆ ಬಳಸಬೇಡಿ.

ಪೆಟ್ಟಿಗೆ ಅಂದರೆ ಡ್ಯಾಶ್‌ಬೋರ್ಡಿನ ಡಬ್ಬಿ ಅಲ್ಲ. ಅದನ್ನ ತೆರೆಯೋಕೆ ಕಳ್ಳನಿಗೆ ಒಂದು ಸ್ಕ್ರೂಡ್ರೈವರ್ ಸಾಕು. ಉಕ್ಕಿನ ಪುಟ್ಟ ಪೆಟ್ಟಿಗೆ ತಂದು, ಉಕ್ಕಿನ ಹಗ್ಗದಿಂದ ಸೀಟಿನ ಕೆಳಗಿನ ಕಂಬಿಗೆ ಸುತ್ತಿ ಬೀಗ ಹಾಕಿ. ಹಗ್ಗವನ್ನೂ ದೊಡ್ಡ ಕಟರ್‌ನಲ್ಲಿ ಕತ್ತರಿಸಬಹುದು, ಹಾಗಾಗಿ ಬೋಲ್ಟ್ ಹಾಕಿ ನೆಲಕ್ಕೇ ಕೂರಿಸಿದ್ದು ಇನ್ನೂ ವಾಸಿ. ಈ ಕೆಲಸವನ್ನ ಅಂಗಡಿಯ ಪಾರ್ಕಿಂಗ್‌ನಲ್ಲಿ ಎಲ್ಲರ ಎದುರು ಮಾಡಬೇಡಿ, ಬರೋ ಮೊದಲೇ ಮಾಡಿ. ಹಿಂದಿನ ಗಾಜಿನ ಮೇಲೆ ಪಿಸ್ತೂಲು ಕಂಪನಿಯ ಸ್ಟಿಕ್ಕರ್ ಅಂಟಿಸಿಕೊಂಡಿದ್ದರೆ ಅದನ್ನ ಕಿತ್ತುಹಾಕಿ, "ಇಲ್ಲಿ ಕದಿಯೋಕೆ ಬಂದೂಕಿದೆ" ಅನ್ನೋ ಜಾಹೀರಾತು ಅದು. ಅಂಗಡಿಗಳ ಬೋರ್ಡನ್ನ ವಿರೋಧಿಸೋರ ವಾದಗಳಲ್ಲಿ ನಮಗೆ ತೂಕ ಕಂಡದ್ದು ಇದೊಂದೇ: ಸೊಂಟದಲ್ಲಿದ್ದ ಬಂದೂಕು ಬೋರ್ಡಿನಿಂದ ಮಾಯ ಆಗಲ್ಲ, ಕಾವಲಿಲ್ಲದ ಕಾರಿಗೆ ಹೋಗುತ್ತೆ.

ಇನ್ನು ನಾಲ್ಕನೆಯ ಬಗೆ, ಪ್ರತಿಭಟನೆಯವರು. ಇವತ್ತಿನ ಅರ್ಧ ಬೋರ್ಡುಗಳು ಬಂದದ್ದೇ ಇವರಿಂದ ಅನ್ನೋದು ನಮ್ಮ ಅಭಿಪ್ರಾಯ. 2014ರಲ್ಲಿ ಟೆಕ್ಸಸ್‌ನಲ್ಲಿ ಪಿಸ್ತೂಲನ್ನ ತೆರೆದು ಒಯ್ಯೋ ಹಾಗಿರಲಿಲ್ಲ, ಆದರೆ ಉದ್ದ ರೈಫಲ್ ಒಯ್ಯಬಹುದಿತ್ತು. ಆ ಕಾನೂನು ಬದಲಿಸಿ ಅಂತ ಕೇಳೋಕೆ ಇವರು ರೈಫಲ್ ಹೆಗಲಿಗೆ ಹಾಕಿಕೊಂಡು ಊಟದ ಅಂಗಡಿಗಳಿಗೆ ಹೋದರು. ಆ ಮೇ ತಿಂಗಳಲ್ಲೇ ಊಟದ ಅಂಗಡಿಗಳ ಸರಣಿ ಚಿಪೋಟ್ಲೆ, ಜುಲೈನಲ್ಲಿ ದೊಡ್ಡ ಮಳಿಗೆಗಳ ಸರಣಿ ಟಾರ್ಗೆಟ್ "ದಯವಿಟ್ಟು ತರಬೇಡಿ" ಅಂದವು. ರಾಷ್ಟ್ರೀಯ ರೈಫಲ್ ಸಂಘದ ಲಾಬಿ ವಿಭಾಗವೇ ಇದೆಂಥ ವಿಚಿತ್ರ ಅಂತ ಬರೆದು, ಸ್ವಂತ ಸದಸ್ಯರು ಮೈಮೇಲೆ ಬಿದ್ದಾಗ ಆ ಮಾತು ನುಂಗಿಕೊಂಡಿತು. ಅದಕ್ಕೂ ಒಂದು ವರ್ಷ ಮೊದಲು ಸ್ಟಾರ್‌ಬಕ್ಸ್ ಕತೆ. ಬಂದೂಕಿನವರು ಆ ಕಾಫಿ ಅಂಗಡಿಯನ್ನ ಮೆಚ್ಚಿ "ಕೃತಜ್ಞತಾ ದಿನ" ಆಚರಿಸ್ತಿದ್ದರು. ಬಂದೂಕು ಇಟ್ಟುಕೊಳ್ಳೋ ಹಕ್ಕು ಕೊಡೋ ಅಮೆರಿಕ ಸಂವಿಧಾನದ ಎರಡನೇ ತಿದ್ದುಪಡಿಯ ಗುರುತಾಗಿ ಎರಡು ಡಾಲರಿನ ನೋಟು ಕೊಟ್ಟು ಕಾಫಿ ಕೊಳ್ಳೋದು ಅದರ ಒಂದು ಪದ್ಧತಿ. 2013ರ ಆಗಸ್ಟಿನಲ್ಲಿ ಅದನ್ನ ಶಾಲೆಯಲ್ಲಿ ಮಕ್ಕಳ ಹತ್ಯೆ ನಡೆದಿದ್ದ ನ್ಯೂಟೌನ್ ಊರಿಗೂ ಒಯ್ದರು. ಅಲ್ಲಿನ ಅಂಗಡಿ ಬೇಗ ಬಾಗಿಲು ಹಾಕಿತು. ಮುಂದಿನ ತಿಂಗಳೇ ಮುಖ್ಯಸ್ಥ ಹೋವರ್ಡ್ ಶುಲ್ಟ್ಸ್ ಬಹಿರಂಗ ಪತ್ರ ಬರೆದು ಬಂದೂಕು ತರಬೇಡಿ ಅಂತ ವಿನಂತಿಸಿದರು. ಉಪ್ಪು ತಿಂದ ಮನೆಯಲ್ಲೇ ಗಲಾಟೆ ಎಬ್ಬಿಸಿದ ಹಾಗಾಯ್ತು.

2016ರ ಜನವರಿಯಿಂದ ಟೆಕ್ಸಸ್‌ನಲ್ಲಿ ಪಿಸ್ತೂಲು ತೆರೆದು ಒಯ್ಯೋಕೆ ಒಪ್ಪಿಗೆ ಸಿಕ್ಕಿತು. ಅದೇ ಮಸೂದೆಯಲ್ಲಿ 30.07 ಕೂಡ ಬಂತು, ಅಂದರೆ ಅಂಗಡಿಯವರ ಕೈಗೂ ಒಂದು ಆಯುಧ. 2019ರ ಆಗಸ್ಟ್ 3ರಂದು ಎಲ್ ಪಾಸೊ ಊರಿನ ವಾಲ್‌ಮಾರ್ಟ್‌ನಲ್ಲಿ ನಡೆದ ಗುಂಡಿನ ದಾಳಿಗೆ ಕೊನೆಗೆ 23 ಜನ ಬಲಿಯಾದರು. ಐದೇ ದಿನದಲ್ಲಿ ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನ ವಾಲ್‌ಮಾರ್ಟ್‌ಗೆ 20 ವರ್ಷದ ಒಬ್ಬ ಗುಂಡುನಿರೋಧಕ ಕವಚ ತೊಟ್ಟು, ರೈಫಲ್ ಹಿಡಿದು ನುಗ್ಗಿ, ತನ್ನ ಹಕ್ಕು ಎಷ್ಟು ಉಳಿದಿದೆ ಅಂತ ಪರೀಕ್ಷೆ ಮಾಡ್ತಿದ್ದೆ ಅಂದ. ಸೆಪ್ಟೆಂಬರ್ 3ಕ್ಕೆ ವಾಲ್‌ಮಾರ್ಟ್ ತೆರೆದ ಬಂದೂಕು ತರಬೇಡಿ ಅಂತ ಕೇಳಿಕೊಂಡಿತು, ಪಿಸ್ತೂಲು ತೋಟಾ ಮಾರೋದನ್ನೂ ನಿಲ್ಲಿಸೋದಾಗಿ ಹೇಳಿತು. ಸೂಪರ್ ಮಾರ್ಕೆಟ್ ಸರಣಿ ಕ್ರೋಗರ್ ಕೂಡ ಅದೇ ದಿನ ತೆರೆದ ಬಂದೂಕು ತರಬೇಡಿ ಅಂತ ಹಿಂಬಾಲಿಸಿತು.

ಹಾಗಂತ ಬಂದೂಕಿನವರಿಗೆ ನಿಷೇಧ ಅಂದರೇ ಆಗಲ್ಲ ಅಂತಲ್ಲ. ಬಂದೂಕಿನ ಜಾತ್ರೆಗೆ ಹೋಗಿ ನೋಡಿ, ಬಾಗಿಲಲ್ಲೇ ತೋಟಾ ತೆಗೆಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿದು ಒಳಗೆ ಬಿಡ್ತಾರೆ. ಯಾರೂ ಚಕಾರ ಎತ್ತಲ್ಲ. ನಮ್ಮ ಕೊಡಗಿನಲ್ಲಿ ಲೈಸೆನ್ಸ್ ವಿನಾಯಿತಿ 2029ರವರೆಗೆ ಇದೆ, ಕೈಲ್ ಪೊಳ್ದ್ ದಿನ ಕೋವಿಗೆ ಪೂಜೆಯೂ ಆಗುತ್ತೆ. ಆದರೂ ಅದನ್ನ ಹೆಗಲಿಗೇರಿಸಿಕೊಂಡು ಬೆಂಗಳೂರಿನ ಮಾಲ್‌ಗೆ ಹೋಗೋ ಯೋಚನೆ ಯಾರಿಗೂ ಬರಲ್ಲ.

ಟೆಕ್ಸಸ್‌ನ ಕನ್ನಡದವರಿಗೆ ಎರಡು ಮಾತು. ಎಚ್-1ಬಿ, ಎಚ್-4, ಎಫ್-1 ವೀಸಾದಲ್ಲಿ ಇರೋರಿಗೆ ಈ ಬೋರ್ಡಿನ ಚರ್ಚೆಯೇ ಅನ್ವಯಿಸಲ್ಲ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ನಿಮ್ಮ ಕೈಯಲ್ಲಿ ಬಂದೂಕು ಇರೋದೇ ಫೆಡರಲ್ ಅಪರಾಧ. ರಾಜ್ಯ ಲೈಸೆನ್ಸ್ ಬೇಡ ಅಂದಿದೆಯಲ್ಲ ಅಂತ ಗೆಳೆಯರು ಹೇಳಿದರೆ ನಂಬಬೇಡಿ. ಗ್ರೀನ್ ಕಾರ್ಡ್ ಇದ್ದವರ ಲೆಕ್ಕ ಬೇರೆ.

ಡಲ್ಲಾಸ್ ಹತ್ತಿರದ ಫ್ರಿಸ್ಕೊ, ಅರ್ವಿಂಗ್ ಕಡೆ ಅಂಗಡಿ ಇಟ್ಟಿದ್ದೀರಾ? ಯಾರೂ ಯಾವ ಥರದ್ದೂ ತರಬಾರದು ಅಂದರೆ ಮೂರೂ ಬೋರ್ಡ್ ಹಾಕಿ, ಹಿಂದಿನ ಬಾಗಿಲನ್ನೂ ಬಿಡಬೇಡಿ. ಒಕ್ಕಣೆಯನ್ನ ಸ್ವಂತ ಅನುವಾದ ಮಾಡಬೇಡಿ, ಕಾನೂನಿನಲ್ಲಿ ಇರೋದನ್ನೇ ಅಚ್ಚು ಹಾಕಿಸಿ, ಸ್ಪ್ಯಾನಿಷ್‌ ಭಾಗವನ್ನೂ ಒಂದಿಂಚಿಗೇ ಇಡಿ. ಗಾಜಿನ ಮೇಲೆ ನೇರ ಅಕ್ಷರ ಬೇಡ, ಹಿಂದೆ ಗಟ್ಟಿ ಬಣ್ಣದ ಹಾಳೆ ಇರಲಿ, ಸರಿಯೋ ಬಾಗಿಲಲ್ಲಾದರೆ ಪಕ್ಕದ ಅಲುಗದ ಗಾಜಿಗೆ ಅಂಟಿಸಿ. ಅಂಟಿಸಿದ ದಿನ ಫೋಟೊ ತೆಗೆದಿಡಿ. ಕೌಂಟರಿನಲ್ಲಿ ನಿಲ್ಲೋರಿಗೆ ಒಂದೇ ವಾಕ್ಯ ಕಲಿಸಿ: "ಸಾರ್, ಇದನ್ನ ಇಟ್ಟುಕೊಂಡು ಒಳಗೆ ಇರೋ ಹಾಗಿಲ್ಲ, ದಯವಿಟ್ಟು ಹೊರಗೆ ಹೋಗಿ." ಹೋದರೆ ಅಲ್ಲಿಗೆ ಬಿಡಿ. ಹೋಗದಿದ್ದರೆ ವಾದ ಮಾಡೋದು ಬೇಡ, ಮೈ ಮುಟ್ಟೋದು ಬೇಡ, ಒಳಗೆ ನಡೆದು 911ಕ್ಕೆ ಫೋನ್ ಮಾಡಿ.